ಕಾರಿನೊಳಗೆ ನೀರಿನ ಜಾಡು ಹಿಡಿದ ಭಾನುವಾರ

ಆಷಾಢದ ಜಿಟಿಜಿಟಿ ಮಳೆ ಹಿಡಿದು ವಾರ ಕಳೆದಿತ್ತು. ಶಾಲೆಗೆ ಹೊರಡಲೆಂದು ಕಾರಿನ ಬಾಗಿಲು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ಅಡರಿತು. ಎಡಗಡೆಯ ಮುಂದಿನ ಸೀಟಿನೆದುರು ರಬ್ಬರ್ ಮ್ಯಾಟ್ ಎತ್ತಿ, ಅದರಡಿಯ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿದಾಗ ಬೆರಳುಗಳ ಸಂದಿಯಿಂದ ಕಂದು ನೀರು ಉಕ್ಕಿ ಬಂತು. 1999ರಲ್ಲಿ ಅಪ್ಪ ಕೊಂಡ ಕಾರು ಅದು. ಧಾರವಾಡದ ಸಪ್ತಾಪುರದ ನಮ್ಮ ಮನೆಯ ಮುಂದಿನ ಹುಣಸೆ ಮರದ ಕೆಳಗೆ ಇಷ್ಟು ವರ್ಷವೂ ನಿಂತಿದೆ. ಅಪ್ಪ ಈಗಿಲ್ಲ. ಆ ಕಾರು ನೀರಿನಿಂದ ಕೊಳೆತು ಹೋಗುವುದನ್ನು ನೋಡುತ್ತ ಕೂರುವುದು ನನ್ನಿಂದಾಗದ ಮಾತು.

ಹಿಂದಿನ ಮಳೆಗಾಲದಲ್ಲೂ ಹೀಗೆಯೇ ಆಗಿತ್ತು. ನೀರು ಮುಂದಿನ ಗಾಜಿನಿಂದಲೇ ಇಳಿಯುತ್ತಿದೆ ಎಂದು ನಾನೇ ತೀರ್ಮಾನಿಸಿ, ಹುಬ್ಬಳ್ಳಿಗೆ ಹೋಗಿ ಗಾಜಿನ ಅಂಚಿನ ರಬ್ಬರ್ ಪಟ್ಟಿಯ (ಬೀಡಿಂಗ್) ಸುತ್ತ ಸಿಲಿಕಾನ್ ಅಂಟು ಹಚ್ಚಿಸಿಕೊಂಡು ಬಂದಿದ್ದೆ. ಕೆಲಸ ಮಾಡಿದವರು ನಾನು ಹೇಳಿದಷ್ಟನ್ನು ಅಚ್ಚುಕಟ್ಟಾಗಿ ಮಾಡಿದ್ದರು, ನಾನು ಹೇಳಿದ್ದೇ ತಪ್ಪಾಗಿತ್ತು. ಹುಳಿ ವಾಸನೆಯ ಆ ಬಗೆಯ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಬಣ್ಣ ಎದ್ದ ತಗಡಿಗೆ ಅದರಿಂದ ತುಕ್ಕು ಹಿಡಿಯುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಈ ಸಲ ನಮ್ಮ ಓಣಿಯಲ್ಲಿರುವ, ಈಗ ಕೆಲಸ ಬಿಟ್ಟಿರುವ ಹಿರಿಯ ಮಿಸ್ತ್ರಿಯೊಬ್ಬರನ್ನು ಕೇಳಿದೆ. ಅವರು ಕಾರ್ಪೆಟ್ ಮುಟ್ಟಿ, ಬೆರಳು ತಿಕ್ಕಿ, ಮೂಸಿ ನೋಡಿದರು. “ಮೊದಲ ಎಂಥಾ ನೀರು ಅನ್ನೂದು ನೋಡ್ಬೇಕ್ರಿ ಸರ. ಜಾರಿಕಿ ಇಲ್ಲ, ಸಿಹಿ ವಾಸನಿ ಇಲ್ಲ. ಇದು ಮಳಿ ನೀರ” ಎಂದರು. ಹೀಟರಿನಿಂದ ಸೋರುವ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಆಗಿದ್ದರೆ ಅದಕ್ಕೆ ಬಣ್ಣವಿರುತ್ತದೆ, ಕೈಗೆ ಜಿಡ್ಡು ಹತ್ತುತ್ತದೆ, ಗಾಜಿನ ಒಳಮೈಗೆ ಮಂಜು ಕವಿಯುತ್ತದೆ. ಏಸಿಯ ನೀರಾದರೆ ಏಸಿ ಹಾಕಿದ ದಿನ ಮಾತ್ರ ಬರುತ್ತದೆ. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು: “ನೀರು ಹೊಕ್ಕಿದ್ದು ಕಣ್ಣಿಂದ ಕಾಣೂತನಕ ಏನೂ ಹಚ್ಚಬ್ಯಾಡ್ರಿ.”

ಭಾನುವಾರ ಮಳೆ ಹೊಳವಾಯಿತು. ಬೋಲ್ಟ್ ಬಿಚ್ಚಿ ಸೀಟನ್ನು ಹೊರಗಿಟ್ಟೆ, ಕಾರ್ಪೆಟ್ ಕಿತ್ತೆ. ಅದರಡಿಯ ದಪ್ಪ ಫೆಲ್ಟನ್ನು ನಾನೂ ಮಗಳೂ ಸೇರಿ ಹೊತ್ತು ತಂದು ಕಟ್ಟೆಯ ಮೇಲೆ ಹರವಿದೆವು. ಸಂಜೆಯವರೆಗೂ ಅದರಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮೇಲೆ ಕಾರ್ಪೆಟ್ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ತಗಡನ್ನು ತಿನ್ನುವುದು ಈ ಫೆಲ್ಟೇ. ಬರಿಯ ತಗಡನ್ನು ಒರೆಸಿ ಒಣಗಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ಗೋಡೆಗೂ ನೆಲಕ್ಕೂ ಶಾಲೆಯಿಂದ ತಂದ ಖಡು, ಅಂದರೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿದೆ.

ಮಗಳು ಟಾರ್ಚ್ ಹಿಡಿದು ಒಳಗೆ ಕುಳಿತಳು. ನಾನು ಪೈಪಿನಿಂದ ಸಣ್ಣಗೆ ನೀರು ಬಿಡುತ್ತ ಕೆಳಗಿನಿಂದ ಮೇಲಕ್ಕೆ ಹೋದೆ, ಏಕೆಂದರೆ ಮೊದಲೇ ಚಾವಣಿಗೆ ನೀರು ಹೊಯ್ದರೆ ಅದು ಎಲ್ಲ ಸಂದುಗಳ ಮೇಲೂ ಹರಿದು ಯಾವುದು ಸೋರಿತೆಂದು ತಿಳಿಯುವುದಿಲ್ಲ. ಬಾಗಿಲಿನ ಅಂಚಿಗೆ ಹತ್ತು ನಿಮಿಷ ಬಿಟ್ಟೆ; ಏನೂ ಇಲ್ಲ. ಬಾನೆಟ್ ಮತ್ತು ಗಾಜಿನ ನಡುವೆ, ವೈಪರಿನ ಬುಡದಲ್ಲಿರುವ ಜಾಲರಿಗೆ ಬಿಟ್ಟೆ. ಅಲ್ಲಿ ಬಿದ್ದ ನೀರು ಮುಂಚಕ್ರದ ಹಿಂದಿನಿಂದ ನೆಲಕ್ಕೆ ಇಳಿಯಬೇಕು. ನೆಲ ಒಣಗಿಯೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಮಗಳು ಕೂಗಿದಳು: “ಅಪ್ಪಾ, ಬಂತು ನೋಡ್ರಿ, ಇಲ್ಲೇ ಬಂತು!”

ಗಾಳಿ ಬೀಸುವ ಬ್ಲೋವರಿನ ಕೆಳಗಿನಿಂದ ಬಿಳಿ ಪುಡಿಯ ಮೇಲೆ ಪೆನ್ಸಿಲಿನಷ್ಟು ಅಗಲದ ಕಪ್ಪು ಗೆರೆಯೊಂದು ಇಳಿದು, ತಗಡಿನ ಮಡಿಕೆಯಲ್ಲಿ ತಿರುಗಿ, ಸೀಟಿನ ಬೋಲ್ಟಿನ ಬಳಿ ಕೆರೆಯಂತೆ ನಿಂತಿತ್ತು. ಜಾಲರಿ ಬಿಚ್ಚಿ ಕೈ ಹಾಕಿದೆ. ಹುಣಸೆಯ ಎಲೆ ಎಷ್ಟು ಚಿಕ್ಕದೆಂದರೆ ಯಾವ ಜಾಲರಿಯೂ ಅದನ್ನು ತಡೆಯದು. ವರ್ಷಗಟ್ಟಲೆ ಉದುರಿದ್ದು ಕೊಳೆತು, ಒದ್ದೆ ನಶ್ಯದಂತೆ ಗಟ್ಟಿಯಾಗಿ ಎರಡೂ ಕಡೆಯ ಕಿಂಡಿಗಳನ್ನು ಮುಚ್ಚಿತ್ತು. ಹೋಗಲು ದಾರಿಯಿಲ್ಲದ ನೀರು ಮೇಲೇರಿ, ಬ್ಲೋವರ್ ಗಾಳಿ ಎಳೆಯುವ ಬಾಯಿಯಿಂದ ಒಳಗೆ ಸುರಿಯುತ್ತಿತ್ತು. ಬೆರಳಿಂದ ಕೆರೆದು, ಮೆದು ಪ್ಲಾಸ್ಟಿಕ್ ನಳಿಕೆ ತೂರಿಸಿ ಆಡಿಸಿದಾಗ ಚಕ್ರದ ಹಿಂದೆ ಕಪ್ಪು ನೀರು ಭೋರೆಂದು ಬಿತ್ತು. ಮತ್ತೆ ಪುಡಿ ಸವರಿ ಅಲ್ಲೇ ನೀರು ಬಿಟ್ಟೆವು, ಗೆರೆ ಮೂಡಲಿಲ್ಲ. ಗಾಜಿಗೂ ಚಾವಣಿಗೂ ಬಿಟ್ಟೆವು. ಒಂದು ಹನಿಯೂ ಇಲ್ಲ. ಹೋದ ವರ್ಷ ನಾನು ದೂರಿದ ಗಾಜು ನಿರಪರಾಧಿಯಾಗಿತ್ತು.

ಹಿಂದಿನ ಎಡಬಾಗಿಲಿನ ಕೆಳಗೂ ಅಲ್ಪ ತೇವವಿತ್ತು. ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿದಾಗ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ಜೋತಾಡುತ್ತಿತ್ತು. ಕಿಟಕಿಯ ಗಾಜಿನ ಸಂದಿನಿಂದ ಬಾಗಿಲಿನೊಳಕ್ಕೆ ನೀರು ಇಳಿಯುವುದು ಎಲ್ಲ ಕಾರುಗಳಲ್ಲೂ ಸಹಜ. ಅದು ಬಾಗಿಲಿನ ತಳದ ತೂತುಗಳಿಂದ ಹೊರಬೀಳುತ್ತದೆ, ಸೀಟಿನತ್ತ ಬಾರದಂತೆ ತಡೆಯುವುದು ಆ ಹಾಳೆ. ಹೊಸ ದಪ್ಪ ಹಾಳೆ ಕತ್ತರಿಸಿ, ರಬ್ಬರಿನಂಥ ಅಂಟಿನ ಬ್ಯುಟೈಲ್ ಟೇಪಿನಿಂದ ಅಂಟಿಸಿ, ಕೆಳತುದಿಯನ್ನು ಬಾಗಿಲಿನ ಒಳಕ್ಕೆ ಸೇರಿಸಿದೆ. ನೆಲದ ತಗಡಿನಲ್ಲಿ ರೂಪಾಯಿ ನಾಣ್ಯದಷ್ಟು ತುಕ್ಕು ಎದ್ದಿತ್ತು. ಉಜ್ಜಿ ಪ್ರೈಮರ್ ಬಳಿದೆ.

ಕಾರ್ಪೆಟ್ಟನ್ನು ಕೂಡಲೇ ಹಾಸಲಿಲ್ಲ. ಬರಿಯ ತಗಡಿನ ಮೇಲೆ ದಿನಪತ್ರಿಕೆ ಹರಡಿಟ್ಟೆವು. ಬುಧವಾರ ರಾತ್ರಿಯಿಡೀ ಮಳೆ ಹೊಯ್ಯಿತು. ಬೆಳಿಗ್ಗೆ ನಾನು ಏಳುವ ಮೊದಲೇ ಮಗಳು ಕೊಡೆ ಹಿಡಿದು ಹೋಗಿ ಆ ಪತ್ರಿಕೆಯನ್ನು ತಂದು ನನ್ನ ಕೈಗಿತ್ತಳು. ಮಡಚಿದರೆ ಸದ್ದು ಮಾಡುವಷ್ಟು ಗರಿಗರಿಯಾಗಿತ್ತು.