ಬರೀ ಎರಡು ಎಕರೆ ಸಾರ್, ಎಷ್ಟಾಗುತ್ತದೆ?

ಮೊಬೈಲ್ ಎತ್ತಿದ ಕೂಡಲೇ ಇದೇ ಪ್ರಶ್ನೆ. ಯಾವ ಊರು, ಸರ್ವೆ ನಂಬರ್ ಎಷ್ಟು, ತಕರಾರು ಇದೆಯೇ, ಒಂದನ್ನೂ ಹೇಳುವುದಿಲ್ಲ. "ಬರೀ ಎರಡು ಎಕರೆ ಸಾರ್, ಹದ್ದು ಗುರುತಿಸಿ ಕೊಡಲು ಎಷ್ಟಾಗುತ್ತದೆ?" ದಾವಣಗೆರೆಯಲ್ಲಿ ಖಾಸಗಿಯಾಗಿ ಜಮೀನು ಅಳೆಯುವವನು ನಾನು. ಈ "ಬರೀ" ಕೇಳಿದರೆ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಬಿಡುವುದಿಲ್ಲ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳುಹಿಸುತ್ತೇನೆ.

ನಮ್ಮದು ಬಟ್ಟೆ ಗಿರಣಿಗಳಿದ್ದ ಊರು, ಮೀಟರಿಗೆ ಇಷ್ಟು ಎಂದು ಕೇಳುವ ರೂಢಿ ಹೋಗಿಲ್ಲ. ಜಮೀನನ್ನು ಹಾಗೆ ಹರಿದು ಕೊಡಲಾಗುವುದಿಲ್ಲ. ಚೌಕಾಕಾರದ ಎರಡು ಎಕರೆಯ ಸುತ್ತಳತೆ ಸುಮಾರು 1,180 ಅಡಿ, ಮೂಲೆ ನಾಲ್ಕು. ಅದೇ ಎರಡು ಎಕರೆ 66 ಅಡಿ ಅಗಲದ ಪಟ್ಟಿಯಾಗಿದ್ದರೆ ಉದ್ದ 1,320 ಅಡಿ, ಸುತ್ತಳತೆ 2,772 ಅಡಿ. ಹಳ್ಳದ ಪಕ್ಕ ಡೊಂಕಾಗಿ ಹೋದ ಹೊಲವಾದರೆ ಹನ್ನೊಂದು ಮೂಲೆ. ನನಗೆ ಕೆಲಸ ಇರುವುದು ಮೂಲೆಗಳಲ್ಲಿ, ನಡುವಿನ ಮಣ್ಣಿನಲ್ಲಲ್ಲ.

ಬೆಳೆಯದ್ದೂ ಒಂದು ಪಾಲಿದೆ. ಮೆಕ್ಕೆಜೋಳ ಆಳೆತ್ತರ ನಿಂತಾಗ ಕರೆಯುತ್ತೀರಿ. ಕಟಾವಾದ ಮೇಲೆ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಆಗ ಒಂದೂವರೆ ದಿನ, ಇಬ್ಬರು ಆಳು, ಜೊತೆಗೆ ದಂಟು ಮುರಿಯಿತೆಂದು ಬೈಗುಳ. ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಉಪಗ್ರಹದ ಸಂಕೇತ ನಂಬಿ ಅಳೆಯುವ ರೋವರ್ ಯಂತ್ರ ಗರಿಗಳ ಕೆಳಗೆ ತಡವರಿಸುತ್ತದೆ. ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಹೊತ್ತು ಸಾಲಿನಿಂದ ಸಾಲಿಗೆ ನಡೆಯಬೇಕು. "ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಹೊಲದ ಗಡಿ ಗೆರೆ ಕಾಣುತ್ತದಲ್ಲ" ಎನ್ನುವವರು ಆ ಗೆರೆಯ ಮೇಲೆಯೇ ಬೇಲಿ ಹಾಕಿ ನೋಡಲಿ.

ಫೋನಿನಲ್ಲೇ ದರ ಹೇಳಿ ಕೆಟ್ಟದ್ದು ಒಮ್ಮೆ. ಹೊಳಲ್ಕೆರೆ ಕಡೆ, ನಿವೃತ್ತ ಮೇಷ್ಟ್ರೊಬ್ಬರದು ಒಂದು ಎಕರೆ ಹತ್ತು ಗುಂಟೆ. ಪಕ್ಕದವನು ನಾಲ್ಕು ಗುಂಟೆ ಒತ್ತಿದ್ದಾನೆ ಎಂಬುದು ಅವರ ದೂರು. ಹೋದರೆ ಹದ್ದು ಗುರುತಿಸಲು ನೆಟ್ಟ ಬಾಂದು ಕಲ್ಲು ಒಂದೂ ಇಲ್ಲ. ಬದು ಅಗೆದೆವು, ಜಾಲಿ ಮುಳ್ಳು ಕಡಿದೆವು. ಮಧ್ಯಾಹ್ನ ನೀರು ಕೇಳಲು ಆ ಪಕ್ಕದವನ ಮನೆಗೇ ಹೋದಾಗ ಹಿತ್ತಿಲಿನಲ್ಲಿ ಅಜ್ಜಿ ಬಟ್ಟೆ ಒಗೆಯುತ್ತಿದ್ದರು. ಮೊಳಕ್ಕಿಂತ ಉದ್ದದ ಒರಟು ಕಲ್ಲು, ಮೇಲ್ಮೈ ಮಾತ್ರ ಸೋಪಿನಿಂದ ನುಣುಪಾಗಿತ್ತು. "ಇದು ಎಲ್ಲಿಯದಮ್ಮಾ?" ಎಂದೆ. "ನಮ್ಮ ಮಾವನವರು ಹೊಲದಿಂದ ಗಾಡಿಯಲ್ಲಿ ತಂದದ್ದಂತೆ ಕಣಪ್ಪಾ" ಎಂದು ಸೀರೆಯನ್ನು ಇನ್ನೊಮ್ಮೆ ಕುಕ್ಕಿದರು.

ಸಿಕ್ಕಿತಲ್ಲ ಎಂದು ಮೇಷ್ಟ್ರು ಹಿಗ್ಗಿದರು. ಕಿತ್ತು ತಂದ ಬಾಂದು ಕಲ್ಲು ಬಟ್ಟೆ ಒಗೆಯುವುದಕ್ಕೇ ಸರಿ. ಅದರ ಬೆಲೆಯೆಲ್ಲ ನಿಂತ ಜಾಗದ್ದು. ಕೊನೆಗೆ ಮೂರು ಸರ್ವೆ ನಂಬರ್ ದಾಟಿ, ಊರಗಡಿಯಲ್ಲಿ ಅಲುಗಾಡದೆ ನಿಂತಿದ್ದ ಕಲ್ಲು ಹುಡುಕಿ, ಅಲ್ಲಿಂದ ಟಿಪ್ಪಣಿ, ಅಂದರೆ ಹಳೆಯ ಸರ್ವೆಯ ಅಳತೆ ಕಾಗದ, ಹಿಡಿದು ಅಳೆಯುತ್ತ ವಾಪಸ್ಸು ಬಂದೆವು. ಎರಡು ದಿನ. ಒಪ್ಪಿದ ಹಣವನ್ನಷ್ಟೇ ತೆಗೆದುಕೊಂಡೆ, ಎರಡನೆಯ ದಿನದ ಕೂಲಿ ನನ್ನ ಜೇಬಿನಿಂದ ಹೋಯಿತು. ಆ ನಾಲ್ಕು ಗುಂಟೆಯನ್ನು ಯಾರೂ ಒತ್ತಿರಲಿಲ್ಲ. ಅದು ಹಳ್ಳ, ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಂದು ಬರೆದೇ ಇತ್ತು. ಮೇಷ್ಟ್ರು ಓದಿರಲಿಲ್ಲ. ದರ ಹೇಳುವ ಮೊದಲು ನಾನೂ ಕೇಳಿರಲಿಲ್ಲ, ಅದು ನನ್ನ ತಪ್ಪು.

ಯಾರಾದರೂ ಒಮ್ಮೆ "ಯಾವ ಕಲ್ಲಿನಿಂದ ಅಳತೆ ಶುರು ಮಾಡುತ್ತೀರಿ?" ಎಂದು ಕೇಳಬಾರದೇ? ದರ ಅಡಗಿರುವುದು ಅಲ್ಲಿ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಹಳೆಯ ಟಿಪ್ಪಣಿಗಳ ಅಳತೆ ಸರಪಳಿ, ಆಣೆಗಳಲ್ಲಿದೆ: ಸರಪಳಿ 33 ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಚೌಕವೇ ಒಂದು ಗುಂಟೆ, 1,089 ಚದರ ಅಡಿ. ಆಣೆ ಎಂದರೆ ಎರಡು ಅಡಿಗಿಂತ ತುಸು ಹೆಚ್ಚು. ಆ ಕಾಗದದಲ್ಲಿ ಒಂದು ಅಂಕಿ ಮಸುಕಾಗಿದ್ದರೆ ಎರಡು ಅಡಿ ಅತ್ತಿತ್ತ. ನೀವೋ ಇಂಚಿಗೆ ಜಗಳವಾಡುತ್ತೀರಿ. ಹತ್ತಿರದಲ್ಲಿ ಎರಡು ಮೂರು ನಂಬಬಹುದಾದ ಕಲ್ಲುಗಳಿದ್ದರೆ ಕೆಲಸ ಅಗ್ಗ. ಇಲ್ಲದಿದ್ದರೆ, ಒಂದೇ ಸರ್ವೆ ನಂಬರಿನಲ್ಲಿ ಆರು ಜನ ಅಣ್ಣತಮ್ಮಂದಿರು ಪೋಡಿ (ದಾಖಲೆಯಲ್ಲಿ ಪಾಲು ಬೇರೆ ಮಾಡುವುದು) ಮಾಡಿಸದೆ ಬಾಯಿಮಾತಿನಲ್ಲಿ ಹಂಚಿಕೊಂಡಿದ್ದರೆ, ನಾನು ಹೇಳುವ ಮೊತ್ತಕ್ಕೆ ಮುಖ ಸಿಂಡರಿಸಬೇಡಿ.

ನೆರೆಯವರೊಂದಿಗೆ ಈಗಾಗಲೇ ಜಗಳವಿದ್ದರೆ ನನ್ನನ್ನು ಕರೆಯಲೇ ಬೇಡಿ. ನಾನು ನೆಟ್ಟ ಗೂಟಕ್ಕೆ ಅವರು ತಲೆಬಾಗಬೇಕಿಲ್ಲ. ಸರ್ಕಾರಕ್ಕೆ ಶುಲ್ಕ ಕಟ್ಟಿ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ, ಸರ್ಕಾರಿ ಅಳತೆಗೆ ಬೆಲೆ ಇರುತ್ತದೆ. ತಡವಾಗುತ್ತದೆ, ಆಗಲಿ.

ಉಳಿದವರು ಪಹಣಿ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ ನಕಲು ತೆಗೆದಿಟ್ಟು ಫೋನ್ ಮಾಡಿ. ಅದಕ್ಕೂ ಮೊದಲು ಹೊಲದ ಸುತ್ತ ಒಮ್ಮೆ ನಡೆದು, ಎಷ್ಟು ಕಲ್ಲು ನಿಂತಿವೆ ಎಂದು ಎಣಿಸಿ. ಹಿತ್ತಿಲನ್ನೂ ನೋಡಿ.