ಎರಡು ಚಮಚ ಎಣ್ಣೆ

ಮನೆಗೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಗೊತ್ತಿತ್ತು. ಕೆಟ್ಟುಹೋದ ಟ್ರಾನ್ಸ್‌ಫಾರ್ಮರ್ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಅದನ್ನು ನೋಡಲೆಂದೇ ಬೆಳಗ್ಗೆ ಆರಕ್ಕೆ ಹೊರಟೆ. ಎರಡು ಗಂಟೆಯ ದಾರಿ, ಕೊನೆಯ ಅರ್ಧ ಗಂಟೆಯಂತೂ ಟವರ್ ಲೈನಿನ ಪಕ್ಕದಲ್ಲೇ.

ವಿದ್ಯುತ್ ಕಂಪನಿಯ ಯಾರ್ಡಿನ ಗೇಟಿನಲ್ಲಿ ಹೆಲ್ಮೆಟ್, ಬೂಟು ಕೊಟ್ಟರು. ಒಳಗೆ ಕಾಲಿಟ್ಟರೆ ಎಣ್ಣೆ ವಾಸನೆ. ತಾಮ್ರ ಒಂದು ಕಡೆ, ಅಲ್ಯೂಮಿನಿಯಂ ತಂತಿ ಇನ್ನೊಂದು ಕಡೆ, ಹಳೇ ಬ್ಯಾಟರಿಗಳು ಸೂರಿನ ಕೆಳಗೆ. ಇವೆಲ್ಲ ಕರಗಿ ಮತ್ತೆ ಬಳಕೆಗೆ ಬರುತ್ತವೆ, ಅದರಲ್ಲಿ ದೊಡ್ಡ ಕಷ್ಟ ಇಲ್ಲ.

ಕಷ್ಟ ಇರುವುದು ಎಣ್ಣೆಯಲ್ಲಿ. ಟ್ರಾನ್ಸ್‌ಫಾರ್ಮರಿನಿಂದ ತೆಗೆದ ಹಳೇ ಎಣ್ಣೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕಾಯಿಸಿ, ವ್ಯಾಕ್ಯೂಮಿನಲ್ಲಿ ನೀರಿನಂಶ ಎಳೆದು, ಮುಲ್ತಾನಿ ಮಿಟ್ಟಿ ಜಾತಿಯ ಜೇಡಿಮಣ್ಣಿನ ಮೂಲಕ ಹಾಯಿಸುತ್ತಾರೆ. ಆಮ್ಲ, ಜಿಡ್ಡು ಎಲ್ಲ ಮಣ್ಣಿಗೆ ಅಂಟಿಕೊಂಡು, ಆ ಕಡೆಯಿಂದ ತೆಳು ಹಳದಿ ಎಣ್ಣೆ ಬರುತ್ತದೆ. ಮತ್ತೆ ಟ್ರಾನ್ಸ್‌ಫಾರ್ಮರಿಗೇ ತುಂಬಬಹುದು. ಎರಡೂ ಬಾಟಲಿ ಬಿಸಿಲಿಗೆ ಹಿಡಿದು ನೋಡಿದೆ, ಒಂದೇ ಎಣ್ಣೆ ಅಂದ್ರೆ ನಂಬೋದು ಕಷ್ಟ.

ಆದರೆ ನನಗೆ ಮುಖ್ಯ ಅನಿಸಿದ್ದು ಈ ಮೆಷಿನ್ ಅಲ್ಲ, ಅದರಾಚೆ ಬೀಗ ಹಾಕಿದ್ದ ಒಂದು ಶೆಡ್ಡು. ಅಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಇರುವ ಹಳೇ ಉಪಕರಣಗಳು. ಸುಲಭಕ್ಕೆ ಬೆಂಕಿ ಹಿಡಿಯಲ್ಲ ಅಂತ 1929ರಿಂದ ಕಾರ್ಖಾನೆಗಳಲ್ಲಿ ತಯಾರಿಸಿ ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳಿಗೆ ತುಂಬಿದ ದ್ರವ ಅದು. ನೆಲಕ್ಕೆ ಚೆಲ್ಲಿದರೆ ಬೇಗ ಕೊಳೆಯಲ್ಲ, ಮೀನಿನ ಕೊಬ್ಬಿಗೆ ಸೇರಿ ಕೊನೆಗೆ ನಮ್ಮ ಮೈಗೂ ಬರುತ್ತದೆ. 2001ರ ಸ್ಟಾಕ್‌ಹೋಮ್ ಒಪ್ಪಂದ ಇಂಥ ಉಪಕರಣಗಳ ಬಳಕೆ ನಿಲ್ಲಿಸೋದಕ್ಕೆ 2025, ಸುರಕ್ಷಿತ ವಿಲೇವಾರಿಗೆ 2028ರ ಗಡುವು ಇಟ್ಟಿದೆ. ಸುಮ್ನೆ ಸುಡುವ ಹಾಗೂ ಇಲ್ಲ, ಕಾವು 1,100 ಡಿಗ್ರಿ ದಾಟಬೇಕು, ಕಡಿಮೆಯಾದರೆ ಡಯಾಕ್ಸಿನ್‌ನಂಥ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ.

“ಶುದ್ಧ ಪಿಸಿಬಿ ಎರಡು ಚಮಚ ಬಿದ್ರೆ ಸಾಕು ಸರ್,” ಅಂದರು ಯಾರ್ಡಿನ ಎಂಜಿನಿಯರ್ ಮೇಡಂ. “200 ಲೀಟರಿನ ಡ್ರಮ್ಮು ಪೂರ್ತಿ 50 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 50 ಪಾಲು, ದಾಟುತ್ತೆ. ಆಮೇಲೆ ಅಷ್ಟೂ ವಿಷದ ಲೆಕ್ಕಕ್ಕೇ.”

ಅದಕ್ಕೇ ಆ ಶೆಡ್ಡಿಗೆ ಬೇರೆ ಪಂಪು, ಬೇರೆ ಪೈಪು. ಪೈಪಿನ ತುದಿಗೆ ಕೆಂಪು ಬಳಿದು ಗೋಡೆಗೆ ಸರಪಳಿಯಲ್ಲಿ ಕಟ್ಟಿದ್ದರು, ಅವಸರದಲ್ಲೂ ಯಾರೂ ಆಚೆ ಒಯ್ಯಬಾರದಲ್ವಾ. ವಿಷದ ಕಸ ಕಡಿಮೆ ಮಾಡೋದು ಅಂದ್ರೆ ದೊಡ್ಡ ಯಂತ್ರ ಅಂದುಕೊಂಡಿದ್ದೆ. ಅರ್ಧ ಕೆಲಸ ಆ ಸರಪಳಿಯೇ ಮಾಡುತ್ತಿದೆ.

ಹೊರಡುವ ಮುಂಚೆ ಮೇಡಂ ಬ್ರೀದರಿನ, ಅಂದ್ರೆ ಟ್ರಾನ್ಸ್‌ಫಾರ್ಮರಿನ ಒಳಗೆ ಹೋಗುವ ಗಾಳಿಯ ತೇವ ಹೀರುವ ಡಬ್ಬಿಯ, ಸಿಲಿಕಾ ಜೆಲ್ ಹರಳು ತೋರಿಸಿದರು. ನೀಲಿ ಹರಳು ತೇವ ಕುಡಿದು ಗುಲಾಬಿ ಆಗುತ್ತದೆ, ಕಾಯಿಸಿದರೆ ಮತ್ತೆ ನೀಲಿ, ಹಾಗೇ ಎಷ್ಟೋ ಸಲ ಬಳಸಬಹುದು. ಆದರೆ ಆ ನೀಲಿ ಬರುವುದು ಕೊಬಾಲ್ಟ್ ಕ್ಲೋರೈಡಿನಿಂದ, ಅದು ಕ್ಯಾನ್ಸರ್ ತರಬಲ್ಲದು. ಹಾಗಾಗಿ ಈಗ ಕೊಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ ಹರಳು ತರಿಸುತ್ತಿದ್ದಾರೆ.

ವಾಪಸ್ ಬರುವಾಗ ದಾರಿ ಪಕ್ಕದ ಒಂದು ಟ್ರಾನ್ಸ್‌ಫಾರ್ಮರಿನ ಹತ್ತಿರ ಗಾಡಿ ನಿಲ್ಲಿಸಿ, ಬೇಲಿಯ ಹೊರಗಿಂದಲೇ ಬ್ರೀದರಿನ ಗಾಜು ಹುಡುಕಿದೆ. ಒಳಗೆ ಇನ್ನೂ ನೀಲಿಯೇ ಇತ್ತು.