ಡಬ್ಬಿ ಎಸೆಯೋದನ್ನು ಕಲಿಸಿದ್ದು ನಾನೇ

ಸ್ಪೆಷಲ್ ಸ್ಕೂಲಿನಲ್ಲಿ ಅದು ನನ್ನ ಮೊದಲ ವರ್ಷ. ತರಗತಿಯಲ್ಲಿ 7 ಮಕ್ಕಳು. ಅದರಲ್ಲೊಬ್ಬ ಹುಡುಗನಿಗೆ ಆಟಿಸಂ, ಮಾತು ಬರುತ್ತಿರಲಿಲ್ಲ. ಬರೆಯುವ ಪುಸ್ತಕ ತೆಗೆದರೆ ಸಾಕು, ಪೆನ್ಸಿಲ್ ಡಬ್ಬಿ ಹಾರುತ್ತಿತ್ತು. ನಾನು ತಕ್ಷಣ ಅವನನ್ನು ಹೊರಗೆ ಕಾರಿಡಾರಿನಲ್ಲಿ ಕೂರಿಸುತ್ತಿದ್ದೆ. ಶಿಕ್ಷೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ, ನೋಡಿ.

ಹಿರಿಯ ಟೀಚರ್ ಒಬ್ಬರು ಇದನ್ನು ಗಮನಿಸಿ ಬೈಯಲಿಲ್ಲ, ಸುಮ್ನೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಮೂರು ಕಾಲಂ: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಎಬಿಸಿ ಚಾರ್ಟ್ ಅನ್ನುತ್ತಾರೆ. ಎರಡು ವಾರ ತುಂಬಿಸಿದೆ. ಮೂರನೇ ಕಾಲಂ ಓದಿದಾಗ ಮುಖ ಬಿಸಿಯಾಯಿತು, ಯಾಕಂದರೆ ಮೇಲಿಂದ ಕೆಳಗಿನವರೆಗೂ ಒಂದೇ ಮಾತು, 'ಹೊರಗೆ ಕಳಿಸಿದೆ'. ಅವನಿಗೆ ಬೇಕಿದ್ದದ್ದೂ ಅದೇ ಅಲ್ವಾ! ಡಬ್ಬಿ ಎಸೆದರೆ ಬರೆಯೋದು ತಪ್ಪುತ್ತದೆ ಅಂತ ದಿನಾ ಪಾಠ ಮಾಡಿದವಳು ನಾನೇ.

ಡಬ್ಬಿ ಎಸೆಯುವ ಬದಲು ಬಿಡುವು ಬೇಕು ಅಂತ ಅವನು ತೋರಿಸೋಕೆ ಚಿತ್ರ ಇರುವ ಒಂದು ಕಾರ್ಡ್ ಮಾಡಿದೆವು. ಹೊಸ ಉಪಾಯವೇನಲ್ಲ. ಕಾರ್ ಮತ್ತು ಡ್ಯುರಾಂಡ್ ಎಂಬ ಸಂಶೋಧಕರು ಮಕ್ಕಳಿಗೆ ಸಹಾಯ ಕೇಳೋದನ್ನು ಕಲಿಸಿದರೆ ರಂಪ ಕಡಿಮೆಯಾಗುತ್ತದೆ ಅಂತ 1985ರಲ್ಲೇ ತೋರಿಸಿದ್ದರಂತೆ. ಹೇಳೋಕೆ ಸುಲಭ. ಮೊದಲ ದಿನ ಅವನು ಅರ್ಧ ಗಂಟೆಯಲ್ಲಿ 11 ಸಲ ಕಾರ್ಡ್ ತೋರಿಸಿದ. ಪ್ರತಿ ಸಲ ಮರಳು ಗಡಿಯಾರ ತಿರುಗಿಸಿಟ್ಟು ಮೂಲೆಯ ಕುರ್ಚಿಗೆ ಬಿಡಬೇಕು, ಮರಳು ಮುಗಿದ ಮೇಲೆ ವಾಪಸ್ ಕರೆಯಬೇಕು, ಅಷ್ಟರಲ್ಲಿ ಇನ್ನೊಬ್ಬಳು ಎದ್ದು ಓಡುತ್ತಿರುತ್ತಾಳೆ, ಪಕ್ಕದ ತರಗತಿಯವರು ಬಾಗಿಲಲ್ಲಿ ನಿಂತು 'ತಲೆ ಮೇಲೆ ಕೂರಿಸಿಕೊಂಡಿದ್ದೀರಿ' ಅಂತ ನಗುತ್ತಿರುತ್ತಾರೆ. ಆ ನಗುವೇ ಜಾಸ್ತಿ ಚುಚ್ಚಿತು.

12ನೇ ಸಲ ಕಾರ್ಡ್ ಬಂತು. 'ಇನ್ನೊಂದೇ ಅಕ್ಷರ ಬರಿ, ಆಮೇಲೆ' ಅಂದೆ. ಅವನು ಕಾರ್ಡನ್ನು ಮತ್ತೆ ನನ್ನ ಕೈಗೆ ಒತ್ತಿದ. ನಾನು 'ಆಮೇಲೆ' ಅಂದೆ.

ಡಬ್ಬಿ ಗೋಡೆಗೆ ಬಡಿಯಿತು.

ಸಂಜೆ ಎಲ್ಲರೂ ಹೋದ ಮೇಲೆ ಹಾಳೆ ತೆಗೆದೆ. ಮೊದಲನೇ ಕಾಲಂನಲ್ಲಿ 'ಕಾರಣವಿಲ್ಲದೆ' ಅಂತ ಬರೆಯೋ ಆಸೆ ಇತ್ತು, ನಿಜ ಹೇಳುತ್ತೇನೆ. 'ಎರಡು ಸಲ ಕೇಳಿದ, ನಾನು ಬಿಡಲಿಲ್ಲ' ಅಂತ ಬರೆದೆ.

ಮರುದಿನ 14 ಸಲ ತೋರಿಸಿದ. 14 ಸಲವೂ ಬಿಟ್ಟೆ. ಬರೆದದ್ದು ಮೂರೇ ಅಕ್ಷರ. ಡಬ್ಬಿ ಮಾತ್ರ ಮೇಜಿನ ಮೇಲೇ ಇತ್ತು.